ಮನೇಲಿ ಕಾಂಕ್ರೀಟ್ ಪೂಲ್ ಕಟ್ಟಿಸಿದ್ದು: ನೀರು ಹೊರಗಿಂದಾನೂ ತಳ್ಳುತ್ತೆ

ಪೂಲ್ ಅಂದ ತಕ್ಷಣ ಎಲ್ರೂ ಕೇಳೋದು ಟೈಲ್ ಯಾವ್ದು, ಲೈಟ್ ಯಾವ ಕಲರ್ ಅಂತ. ನಾನು ಶುರು ಮಾಡಿದ್ದು ಮಣ್ಣಿಂದ. ಮಳೆಗಾಲ ಜೋರಿದ್ದಾಗಲೇ ಪೂಲ್ ಬರೋ ಜಾಗದಲ್ಲಿ ಎರಡೂವರೆ ಮೀಟರ್ ಆಳದ ಗುಂಡಿ ತೋಡಿಸಿ ಬಿಟ್ಟೆ, ಮಾರನೇ ದಿನ ನೋಡಿದ್ರೆ ತಳದಲ್ಲಿ ನೀರು ಜಿನುಗಿ ನಿಂತಿತ್ತು. ಮುಂದಿನ ಡಿಸೈನ್ ಎಲ್ಲಾ ಆ ನೀರನ್ನ ನೋಡ್ಕೊಂಡೇ ಆಗಿದ್ದು. ಇದನ್ನ ಬೇಸಿಗೇಲಿ ತೋಡಿದ್ರೆ ಏನೂ ಗೊತ್ತಾಗಲ್ಲ.

ಯಾಕೆ ಅಂತ ಒಂದು ಲೆಕ್ಕ ಹಾಕಿ. ನಮ್ಮ ಪೂಲ್ ಒಳಗಡೆ 8 ಮೀಟರ್ ಉದ್ದ, 4 ಮೀಟರ್ ಅಗಲ, ನೀರಿನ ಆಳ ಒಂದು ತುದೀಲಿ 1.1 ಇನ್ನೊಂದು ತುದೀಲಿ 1.5 ಮೀಟರ್, ತಳ ಗೋಡೆ ಎರಡೂ 200 ಎಂಎಂ ದಪ್ಪ. ಇಷ್ಟು ಕಾಂಕ್ರೀಟ್ ಸೇರಿ ಹೆಚ್ಚುಕಮ್ಮಿ 36 ಟನ್ ಆಗುತ್ತೆ. ಹೊರಗಡೆ ಮಣ್ಣಲ್ಲಿರೋ ನೀರು ಪೂಲ್ ತಳಕ್ಕಿಂತ ಒಂದು ಮೀಟರ್ ಮೇಲೆ ಬಂತು ಅಂದ್ರೆ ಅದು ಮೇಲಕ್ಕೆ ಒತ್ತೋ ಬಲ 37 ಟನ್. ತುಂಬಿದ್ದಾಗ ಒಳಗಿನ 41 ಸಾವಿರ ಲೀಟರ್ ನೀರೇ ಅದನ್ನ ಅದುಮಿ ಹಿಡಿದಿರುತ್ತೆ ಸರಿ, ಆದ್ರೆ ತೊಳೆಯೋಣ ಅಂತ ಮಳೆಗಾಲದಲ್ಲಿ ಖಾಲಿ ಮಾಡಿದ್ರೆ ಇಡೀ ತೊಟ್ಟಿ ದೋಣಿ ತರ ಎದ್ದು ಬರಬಹುದು, ಇಲ್ಲಾ ತಳ ಬಿರುಕು ಬಿಡಬಹುದು.

ಅದಕ್ಕೇ ತಳದ ಕೆಳಗೆ ಜಲ್ಲಿ ಹಾಸಿ, ಅದರೊಳಗೆ ತೂತಿರೋ ಪೈಪ್ ಮಲಗಿಸಿ, ಒಂದು ಮೂಲೇಲಿ ನೆಲದ ಮಟ್ಟದವರೆಗೂ ನೆಟ್ಟಗೆ ಒಂದು ಪೈಪ್ ತಂದು ಮುಚ್ಚಳ ಹಾಕಿಸ್ದೆ. ಮುಚ್ಚಳ ತೆಗೆದು ಟೇಪ್ ಬಿಟ್ರೆ ಕೆಳಗೆ ನೀರು ಎಷ್ಟಿದೆ ಅಂತ ಗೊತ್ತಾಗುತ್ತೆ, ಜಾಸ್ತಿ ಇದ್ರೆ ಸಣ್ಣ ಪಂಪ್ ಇಳಿಸಿ ಎತ್ತಬಹುದು. ಜೊತೆಗೆ ಪೂಲ್ ತಳದಿಂದ ಪಂಪಿಗೆ ನೀರು ಎಳ್ಕೊಳ್ಳೋ ಮೇನ್ ಡ್ರೈನ್ ಗುಂಡೀಲಿ ಹೈಡ್ರೋಸ್ಟ್ಯಾಟಿಕ್ ವಾಲ್ವ್ ಇದೆ, ಹೊರಗಿನ ಒತ್ತಡ ಜಾಸ್ತಿ ಆದ್ರೆ ಅದು ತೆರ್ಕೊಂಡು ನೀರನ್ನ ಪೂಲ್ ಒಳಗೇ ಬಿಟ್ಕೊಳ್ಳುತ್ತೆ. ಆದ್ರೆ ವಾಲ್ವಲ್ಲಿ ಕಸ ಸಿಕ್ಕಿ ಕಟ್ಕೊಳ್ಳಬಹುದು, ಹಾಗಾಗಿ ನನಗೆ ಪೈಪ್ ಮೇಲೇ ಹೆಚ್ಚು ನಂಬಿಕೆ.

ಕಾಂಕ್ರೀಟ್ ಎಂ30, ಅಂದ್ರೆ ಅದರ ಗಟ್ಟಿತನದ ಗ್ರೇಡ್. ಗೋಡೇಲಿ ಕಂಬಿ ಎರಡು ಪದರ ಬೇಕೇ ಬೇಕು, ಯಾಕಂದ್ರೆ ತುಂಬಿದ್ದಾಗ ನೀರು ಹೊರಕ್ಕೆ ತಳ್ಳುತ್ತೆ, ಖಾಲಿ ಇದ್ದಾಗ ಮಣ್ಣು ಒಳಕ್ಕೆ ತಳ್ಳುತ್ತೆ. ಕಂಬಿ ಸೈಜ್, ಅಂತರ ಎಲ್ಲಾ ಸ್ಟ್ರಕ್ಚರಲ್ ಇಂಜಿನಿಯರ್ ಮಣ್ಣು ನೋಡಿ ಕೊಟ್ಟಿದ್ದು, ಅದನ್ನ ಯಾರೂ ಪಕ್ಕದ ಪೂಲ್ ನೋಡಿ ಕಾಪಿ ಮಾಡ್ಬೇಡಿ.

ನಾನು ಪಕ್ಕದಲ್ಲೇ ನಿಂತು ಮಾಡಿಸಿದ್ದು ತಳ ಗೋಡೆ ಸೇರೋ ಜಾಗ. ಲೀಕ್ ಆದ್ರೆ ಮೊದಲು ಅನುಮಾನ ಪಡಬೇಕಾದ್ದು ಅಲ್ಲೇ. ತಳ ಹಾಕುವಾಗಲೇ ಗೋಡೇನೂ 150 ಎಂಎಂ ಎತ್ತರಕ್ಕೆ ಒಟ್ಟಿಗೆ ಎಬ್ಬಿಸಿದ್ವಿ, ಆಗ ಜಾಯಿಂಟ್ ಮೂಲೆ ಬಿಟ್ಟು ಮೇಲೆ ಬರುತ್ತೆ. ಆ ಗಿಡ್ಡ ಗೋಡೆ ನಡುವೆ ಪಿವಿಸಿ ವಾಟರ್ ಸ್ಟಾಪ್, ಅಂದ್ರೆ ಜಾಯಿಂಟಲ್ಲಿ ನೀರು ದಾಟದ ಹಾಗೆ ತಡೆಯೋ ಪಟ್ಟಿ, ಅರ್ಧ ಹಳೇ ಕಾಂಕ್ರೀಟಲ್ಲಿ, ಅರ್ಧ ಮುಂದೆ ಬರೋದ್ರಲ್ಲಿ. ಕಾಂಕ್ರೀಟ್ ಸುರೀವಾಗ ಈ ಪಟ್ಟಿ ಮಗ್ಗುಲಿಗೆ ಬಾಗಿ ಮಲಗಿಬಿಟ್ರೆ ಹಾಕಿದ್ದೂ ದಂಡ, ಅದಕ್ಕೆ ಅಂಚಿನ ತೂತಿಗೆ ತಂತಿ ಪೋಣಿಸಿ ಎರಡೂ ಕಡೆ ಕಂಬಿಗೆ ಕಟ್ಟಿಸ್ದೆ. ಗೋಡೆ ಹಾಕೋ ಮುಂಚೆ ಜಾಯಿಂಟನ್ನ ವೈರ್ ಬ್ರಷ್ ಹಾಕಿ ಜಲ್ಲಿ ಕಾಣೋ ತನಕ ಉಜ್ಜಿ, ತೊಳೆದು, ಆಮೇಲೆ ಸಿಮೆಂಟ್ ಹಾಲು. ಮೇಸ್ತ್ರಿಗೆ ಇದೆಲ್ಲಾ ಅತಿ ಅನಿಸ್ತು, ಆದ್ರೂ ಮಾಡಿಕೊಟ್ರು.

ಪೈಪ್ ವಿಷಯದಲ್ಲಿ ಎರಡು ಮಾತು. ಮೇನ್ ಡ್ರೈನ್ ಎರಡು ಇರಬೇಕು, ಮಧ್ಯೆ ಒಂದು ಮೀಟರ್‌ಗೆ ಕಮ್ಮಿ ಇರಬಾರ್ದು, ಎರಡೂ ಪಂಪಿಗೆ ಹೋಗೋ ಒಂದೇ ಸಕ್ಷನ್ ಲೈನಿಗೆ ಸೇರಬೇಕು. ಒಂದೇ ಡ್ರೈನ್ ಇದ್ದು ಅದರ ಮೇಲೆ ಮಗು ಕೂತ್ರೆ ಪಂಪಿನ ಎಳೆತಕ್ಕೆ ಬಿಡಿಸ್ಕೊಂಡು ಏಳೋಕೆ ಆಗಲ್ಲ. ಮೈ ಅಂಟಿ ಸಿಕ್ಕಿಹಾಕ್ಕೊಳ್ಳದ ಹಾಗೆ ಉಬ್ಬಿರೋ ಆಂಟಿ ಎಂಟ್ರಾಪ್‌ಮೆಂಟ್ ಜಾಲರೀನೇ ಹಾಕ್ಸಿ, ಇದ್ರಲ್ಲಿ ಉಳಿತಾಯ ನೋಡ್ಬೇಡಿ. ಇನ್ನೊಂದು, ಕಾಂಕ್ರೀಟ್ ಹಾಕುವಾಗ ಪೈಪ್ ಒಳಗೆ ಪ್ರೆಷರ್ ತುಂಬಿಸಿ ಗೇಜ್ ಹಾಗೇ ಬಿಡಿ, ವೈಬ್ರೇಟರ್ ತಾಗಿ ಎಲ್ಲಾದ್ರೂ ಒಡೆದ್ರೆ ಮುಳ್ಳು ಆಗಲೇ ಇಳಿಯುತ್ತೆ.

ಕ್ಯೂರಿಂಗ್ ಗೋಣಿಚೀಲ ಹೊದಿಸಿ ಎರಡು ವಾರ. ಟೆಸ್ಟಿಗೆ ನೀರು ತುಂಬಿಸಿದ್ದು ಹೊರಗಡೆ ಮಣ್ಣು ಮುಚ್ಚೋ ಮುಂಚೆನೇ, ಹಾಗಿದ್ರೆ ಗೋಡೆ ಹೊರಮೈ ಕಣ್ಣಿಗೆ ಕಾಣುತ್ತೆ. ನೀರು ದಿನಾ ಸ್ವಲ್ಪ ಇಳಿಯುತ್ತೆ, ಆವಿ ಆಗ್ತಿದೆಯೋ ಸೋರ್ತಿದೆಯೋ ಅಂತ ತಿಳಿಯೋಕೆ ಒಂದು ಬಕೆಟ್‌ಗೆ ಅದೇ ನೀರು ತುಂಬಿ ಪೂಲ್ ಮೆಟ್ಟಿಲ ಮೇಲೆ ಇಟ್ಟು, ಎರಡು ಕಡೆನೂ ಗೆರೆ ಎಳೆದೆ. ಒಂದು ದಿನದ ನಂತರ ಎರಡೂ ಒಂದೇ ಸಮ ಇಳಿದಿದ್ರೆ ಅದು ಆವಿ. ನಮ್ಮದು ಸಮ ಇತ್ತು, ಆಮೇಲೇ ವಾಟರ್ ಪ್ರೂಫಿಂಗ್, ಮೊಸಾಯಿಕ್, ಎಪಾಕ್ಸಿ ಗ್ರೌಟ್.

ಪಂಪ್ ಲೆಕ್ಕ ಸುಲಭ, ಆರು ಗಂಟೇಲಿ ಪೂರ್ತಿ ನೀರು ಒಂದು ಸಲ ಫಿಲ್ಟರ್ ಆಗಬೇಕು ಅಂದ್ರೆ ಗಂಟೆಗೆ 7 ಸಾವಿರ ಲೀಟರ್, ಸ್ಯಾಂಡ್ ಫಿಲ್ಟರ್ ಅದಕ್ಕಿಂತ ಒಂದು ಸೈಜ್ ದೊಡ್ಡದೇ ಇರಲಿ. ಲೈಟ್ 12 ವೋಲ್ಟ್‌ದು. ಶಾಕ್ ಹೊಡೀಬಾರ್ದು ಅಂದ್ರೆ ಕಂಬಿ, ಏಣಿ, ಪಂಪ್ ಬಾಡಿ ಎಲ್ಲಾನೂ ತಾಮ್ರದ ವೈರಲ್ಲಿ ಒಂದಕ್ಕೊಂದು ಸೇರಿಸ್ಬೇಕು, ಕಂಬಿಗೆ ಕ್ಲ್ಯಾಂಪ್ ಹಾಕೋದು ಕಾಂಕ್ರೀಟಿಗೆ ಮುಂಚೆ ಮಾತ್ರ ಸಾಧ್ಯ, ಎಲೆಕ್ಟ್ರಿಷಿಯನ್‌ನ ಆಗಲೇ ಕರೆಸಿ. ಬೇಲಿ, ತಾನಾಗೇ ಮುಚ್ಕೊಳ್ಳೋ ಗೇಟು ಹಾಕಿ ಮುಗಿಸಿದ ಮೇಲೇ ನಾವು ಎರಡನೇ ಸಲ ನೀರು ತುಂಬಿಸಿದ್ದು.