ತಾರೀಖನ್ನು ಮುಂದೆ ಸರಿಸಿ ಬಡ್ಡಿಯ ಲೆಕ್ಕ ಪರೀಕ್ಷಿಸಿದ ಬಗೆ

ಶಿರಸಿಯ ಸುತ್ತಮುತ್ತಲಿನ ಸಹಕಾರಿ ಸಂಘಗಳಿಗೆ ಸಾಲ ಮತ್ತು ಠೇವಣಿಯ ತಂತ್ರಾಂಶ ಬರೆಯುವುದು ನನ್ನ ಕೆಲಸ. ಅಡಿಕೆ ಬೆಳೆಗಾರರು ಪಡೆಯುವ ಬೆಳೆಸಾಲದ ಲೆಕ್ಕವೆಲ್ಲ ತಾರೀಖಿನ ಮೇಲೆಯೇ ನಿಂತಿದೆ: ವಾಯಿದೆಯೊಳಗೆ ಕಟ್ಟಿದವರಿಗೆ ಬಡ್ಡಿ ರಿಯಾಯಿತಿ ಸಿಗುತ್ತದೆ, ವಾಯಿದೆ ದಾಟಿದರೆ ಖಾತೆ ಸುಸ್ತಿಯಾಗಿ ರಿಯಾಯಿತಿ ಕೈತಪ್ಪುತ್ತದೆ. ಮುಂದಿನ ವರ್ಷ ಈ ಖಾತೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇವತ್ತೇ ಓಡಿಸಿ ನೋಡದೆ ಇಂಥ ತಂತ್ರಾಂಶವನ್ನು ಸಂಘದ ಕೈಗೆ ಕೊಡುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ.

ಕಂಪ್ಯೂಟರಿನ ಗಡಿಯಾರವನ್ನೇ ಮುಂದಕ್ಕೆ ತಿರುಗಿಸುವುದು ಅನೇಕರು ಹಿಡಿಯುವ ದಾರಿ. ನಾನು ಅದನ್ನು ಬಳಸುವುದಿಲ್ಲ. ಯಂತ್ರದ ತಾರೀಖು ವರ್ಷಗಟ್ಟಲೆ ಬದಲಾದರೆ ಸುರಕ್ಷತಾ ಪ್ರಮಾಣಪತ್ರಗಳು ಅವಧಿ ಮುಗಿದಂತೆ ತೋರಿ ಸರ್ವರಿನ ಸಂಪರ್ಕ ನಿಲ್ಲುತ್ತದೆ, ಲಾಗ್‌ಗಳ (ಯಂತ್ರ ಬರೆದಿಡುವ ಘಟನೆಗಳ ದಾಖಲೆ) ಅನುಕ್ರಮ ಕೆಡುತ್ತದೆ, ಅದೇ ಯಂತ್ರದಲ್ಲಿ ನಡೆಯುತ್ತಿರುವ ಬೇರೆ ಪರೀಕ್ಷೆಗಳೂ ಹಾಳಾಗುತ್ತವೆ. ಆದ್ದರಿಂದ ಕೋಡ್ ಎಲ್ಲಿಯೂ ಯಂತ್ರವನ್ನು ನೇರವಾಗಿ ಸಮಯ ಕೇಳದೆ, ನಾವು ಹೊರಗಿನಿಂದ ಕೊಟ್ಟ ಗಡಿಯಾರವನ್ನೇ ಕೇಳುವಂತೆ ಬರೆದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ 2014ರಲ್ಲಿ ಬಂದ 8ನೆಯ ಆವೃತ್ತಿಯಲ್ಲಿ ಇದಕ್ಕೆ ಒದಗುವ ಕ್ಲಾಕ್ ಎಂಬ ಸಿದ್ಧ ಕೋಡ್ ಘಟಕ (ಕ್ಲಾಸ್) ಇದೆ. ಹಳೆಯ ಕೋಡನ್ನು ಹುಡುಕಿ ಹುಡುಕಿ ಹೀಗೆ ಬದಲಿಸುವುದು ಬೇಸರದ ಕೆಲಸವಾದರೂ ಒಂದು ಜಾಗ ಉಳಿದುಬಿಟ್ಟರೂ ಪರೀಕ್ಷೆಯನ್ನು ನಂಬುವಂತಿಲ್ಲ.

ಮೊದಲು ಬರೆದದ್ದು ಮಧ್ಯರಾತ್ರಿಯ ಪರೀಕ್ಷೆ. ನಮ್ಮ ಸಮಯ ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ಯುಟಿಸಿಯಲ್ಲಿ ನಡೆಯುವ ಸರ್ವರಿನ ಲೆಕ್ಕದಲ್ಲಿ ಇಲ್ಲಿಯ ದಿನ ಬದಲಾಗುವುದು 18:30ಕ್ಕೆ. ಮಾರ್ಚ್ 31ರ ವಾಯಿದೆಯ ಸಾಲವನ್ನು ಬೆಳೆಗಾರರೊಬ್ಬರು ರಾತ್ರಿ 12 ಗಂಟೆ 10 ನಿಮಿಷಕ್ಕೆ ಮೊಬೈಲಿನಿಂದ ಕಟ್ಟಿದರೆ ಇಲ್ಲಿ ಆಗಲೇ ಏಪ್ರಿಲ್ 1, ಸರ್ವರಿನಲ್ಲಿ ಇನ್ನೂ ಮಾರ್ಚ್ 31ರ 18:40. ಗಡಿಯಾರವನ್ನು ಒಮ್ಮೆ 18:29:59ಕ್ಕೂ ಇನ್ನೊಮ್ಮೆ 18:30:00ಕ್ಕೂ ನಿಲ್ಲಿಸಿ ಅದೇ ಪಾವತಿಯನ್ನು ಮಾಡಿಸಿದಾಗ, ಮೊದಲನೆಯದು ವಾಯಿದೆಯೊಳಗೆ ಬರಬೇಕು, ಎರಡನೆಯದು ಸುಸ್ತಿಗೆ ಹೋಗಬೇಕು. ಒಂದೇ ಸೆಕೆಂಡಿನ ಈ ಅಂತರವನ್ನು ನಿಜವಾದ ಗಡಿಯಾರದಲ್ಲಿ ಹಿಡಿಯಲು ಸಾಧ್ಯವೇ ಇಲ್ಲ.

ತಿಂಗಳ ಕೊನೆಯೂ ಹೀಗೆಯೇ ಎಚ್ಚರ ಬೇಡುತ್ತದೆ. 2024ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿ 29, ಅದಕ್ಕೆ ಇನ್ನೊಂದು ತಿಂಗಳು ಕೂಡಿಸಿದರೆ ಮಾರ್ಚ್ 29. ಆದರೆ ಜನವರಿ 31ಕ್ಕೆ ನೇರವಾಗಿ ಎರಡು ತಿಂಗಳು ಕೂಡಿಸಿದರೆ ಮಾರ್ಚ್ 31. ಕಂತಿನ ತಾರೀಖನ್ನು ಪ್ರತಿಸಲವೂ ಆರಂಭದ ದಿನದಿಂದಲೇ ಎಣಿಸಬೇಕೆಂಬುದನ್ನು ಪರೀಕ್ಷೆಯಲ್ಲಿಯೇ ಬರೆದಿಟ್ಟೆ.

ಹೆಚ್ಚು ಯೋಚನೆ ಬೇಡಿದ್ದು ಗಡಿಯಾರವನ್ನು ಮುಂದೆ ಸರಿಸುವ ಕ್ರಮ. ರಾತ್ರಿ ಬಡ್ಡಿ ಹಾಕುವುದು, ಬೆಳಿಗ್ಗೆ 9ಕ್ಕೆ ಎಸ್‌ಎಂಎಸ್ ನೆನಪೋಲೆ ಕಳಿಸುವುದು, ವಾಯಿದೆಯ ಮರುದಿನ ಸುಸ್ತಿ ಪಟ್ಟಿಗೆ ಸೇರಿಸುವುದು, ಇವೆಲ್ಲ ತಾವಾಗಿ ನಡೆಯುವ ಕೆಲಸಗಳು. ಗಡಿಯಾರವನ್ನು ಒಂದೇ ಏಟಿಗೆ 90 ದಿನ ಹಾರಿಸಿದರೆ ಅಷ್ಟೂ ಕೆಲಸಗಳು 90ನೆಯ ದಿನದ ತಾರೀಖನ್ನೇ ಕಂಡು ಓಡುತ್ತವೆ. ನಡುವೆ ಕಟ್ಟಿದ ಕಂತು ಬಡ್ಡಿಯ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಬಾಕಿಯಿರುವ ಕೆಲಸಗಳನ್ನು ಸಮಯದ ಸರದಿಯಲ್ಲಿಟ್ಟು, ಎಲ್ಲಕ್ಕಿಂತ ಮೊದಲು ಬರುವ ಕೆಲಸದ ಹೊತ್ತಿಗೆ ಗಡಿಯಾರವನ್ನು ಸರಿಸಿ, ಅದನ್ನು ಮುಗಿಸಿ, ಅದು ಹೊಸದಾಗಿ ಹುಟ್ಟಿಸಿದ ಕೆಲಸವಿದ್ದರೆ ಸರದಿಗೆ ಸೇರಿಸಿ, ಆಮೇಲೆ ಮುಂದಿನದಕ್ಕೆ ಹೋಗುವಂತೆ ಮಾಡಿದೆ. ಪರೀಕ್ಷೆಯಲ್ಲಿ ಇವೆಲ್ಲ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದರ ಹಿಂದೊಂದು ಕೆಲಸ ನಡೆಯುವ ಒಂದೇ ಸಾಲಿನಲ್ಲಿ, ಓಡುತ್ತವೆ. ಬೇರೆ ಥ್ರೆಡ್‌ಗೆ ಬಿಟ್ಟರೆ ಒಂದು ಕೆಲಸ ಮುಗಿಯುವ ಮೊದಲೇ ಗಡಿಯಾರ ಮುಂದೆ ಹೋಗಿ, ಅದೇ ಪರೀಕ್ಷೆ ಒಮ್ಮೆ ಪಾಸು, ಒಮ್ಮೆ ಫೇಲು ಆಗುತ್ತದೆ. ಈಗ ಒಂದು ವರ್ಷದ ವ್ಯವಹಾರ ಕಾಯುವಿಕೆಯೇ ಇಲ್ಲದೆ ಮುಗಿಯುತ್ತದೆ.

ಡೇಟಾಬೇಸಿಗೆ ತನ್ನದೇ ಗಡಿಯಾರವಿದೆ ಎಂಬುದನ್ನು ಮರೆಯಬಾರದು. ನಾವು ಬಳಸುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಸಮಯ ಕೇಳುವ ನೌ ಫಂಕ್ಷನ್ ವಹಿವಾಟು ಆರಂಭವಾದ ನಿಜ ಸಮಯವನ್ನು ಕೊಡುತ್ತದೆಯೇ ಹೊರತು ನಾವು ನಿಲ್ಲಿಸಿದ ಸಮಯವನ್ನಲ್ಲ. ಹೀಗೆ ಡೇಟಾಬೇಸ್ ತಾನಾಗಿ ತುಂಬುವ ತಾರೀಖುಗಳನ್ನು ಟೇಬಲ್‌ಗಳಿಂದ ತೆಗೆದು, ಪ್ರತಿ ತಾರೀಖನ್ನೂ ತಂತ್ರಾಂಶವೇ ಕಳಿಸುವಂತೆ ಮಾಡಿದ ಮೇಲೆಯೇ ರಸೀದಿಯ ದಿನವೂ ಬಡ್ಡಿಯ ದಿನವೂ ಒಂದಾದವು.

ಗಡಿಯಾರ ಹಿಂದಕ್ಕೆ ಹೋಗುವುದನ್ನೂ ಪರೀಕ್ಷಿಸುತ್ತೇನೆ, ಏಕೆಂದರೆ ನಮ್ಮ ಕಡೆ ಅದು ನಿಜವಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ, ಮದರ್‌ಬೋರ್ಡಿನ ಸಣ್ಣ ಸೆಲ್ ಸತ್ತಿರುವ ಹಳೆಯ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತ ಏಳುತ್ತದೆ. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ಶಾಖೆಯಲ್ಲಿಯೇ ರಸೀದಿ ಬರೆಯುವ ವ್ಯವಸ್ಥೆ ಇರುವುದರಿಂದ ಈ ತಾರೀಖು ಲೆಕ್ಕಕ್ಕೆ ನುಸುಳಬಹುದು. ಆದ್ದರಿಂದ ಗಡಿಯಾರ ಕೊನೆಯ ದಿನಾಂತ್ಯಕ್ಕಿಂತ (ದಿನದ ಲೆಕ್ಕ ಮುಚ್ಚಿದ ಹೊತ್ತಿಗಿಂತ) ಹಿಂದಿದ್ದರೆ ತಂತ್ರಾಂಶ ರಸೀದಿ ಕೊಡದೆ, ತಾರೀಖು ಸರಿಪಡಿಸುವಂತೆ ಸಿಬ್ಬಂದಿಗೆ ಕನ್ನಡದಲ್ಲಿ ಸೂಚನೆ ತೋರಿಸುತ್ತದೆ.