ಸೊರಗಿದ ಮೊಲಕ್ಕೆ ಸಿರಿಂಜಿನ ಊಟ

ಮೊಲ ಸೊರಗಿದ ಕೂಡಲೇ ಬಿಸ್ಕೀಟು, ಬ್ರೆಡ್ಡು, ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನಿಸಲು ಹೊರಡುವವರೇ ಹೆಚ್ಚು. ಮೊಲದ ಕರುಳು ನಡೆಯುವುದು ನಾರಿನಿಂದ. ಹಿಟ್ಟು, ಸಕ್ಕರೆ ಬಿದ್ದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ಇದ್ದ ಹಸಿವೂ ಸಾಯುತ್ತದೆ.

ಮೊದಲು ತೂಕ. ಅಡುಗೆಮನೆಯ ಡಿಜಿಟಲ್ ಕಾಟಾದ ಮೇಲೆ ಬುಟ್ಟಿಯಿಟ್ಟು ಸೊನ್ನೆಗೆ ತಂದು, ದಿನಾ ಬೆಳಿಗ್ಗೆ ಮೇವಿಗೆ ಮುಂಚೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಕೂದಲು ದಟ್ಟವಾದ ಮೊಲ ಕಣ್ಣಿಗೆ ಗುಂಡಗೇ ಕಾಣುತ್ತದೆ, ಬೆನ್ನುಮೂಳೆ ಸವರಿದಾಗಲೇ ಸತ್ಯ ತಿಳಿಯುವುದು.

ಎರಡನೆಯದು ಹಲ್ಲು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತವೆ. ಸರಿಯಾಗಿ ಸವೆಯದಿದ್ದರೆ ದವಡೆಹಲ್ಲಿನ ಅಂಚು ಚೂಪಾಗಿ ನಾಲಿಗೆ, ಕೆನ್ನೆಗೆ ಚುಚ್ಚುತ್ತದೆ. ಗದ್ದ ಒದ್ದೆಯಾಗಿದ್ದರೆ, ಮೇವಿನ ಹತ್ತಿರ ಬಂದು ಮೂಸಿ ಹಿಂದೆ ಸರಿದರೆ ಇದೇ ಗುಮಾನಿ. ಅರಿವಳಿಕೆ ಕೊಟ್ಟು ತಿದ್ದುವುದು ವೈದ್ಯರ ಕೆಲಸ. ಮುಂಬಲ್ಲನ್ನು ನೇಲ್‌ಕಟರಿನಿಂದ ಕತ್ತರಿಸಿದರೆ ಬೇರಿನ ತನಕ ಸೀಳಬಹುದು.

ಈಗ ಎಲ್ಲರೂ ಕೆಡಿಸುವ ಹಂತ, ಸಿರಿಂಜಿನಲ್ಲಿ ಉಣಿಸುವುದು. ಮುಟ್ಟುವ ಮುನ್ನ ಹೊಟ್ಟೆ ನೋಡಿ. ಡೊಳ್ಳಿನಂತೆ ಬಿಗಿದಿದ್ದರೆ ಏನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಿರಿ. ಕರುಳು ಕಟ್ಟಿದ್ದರೆ ಒಳಗೆ ತುರುಕಿದ್ದೆಲ್ಲ ಕೇಡು. ಕಿವಿ, ಮೈ ತಣ್ಣಗಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾಗಿಸಿ, ಆಮೇಲೆ ಉಣಿಸಿ.

ಮೊಲಕ್ಕೆಂದೇ ಮಾಡಿದ ಪುಡಿ ಆಹಾರ ಸಿಕ್ಕರೆ ಉತ್ತಮ. ಇಲ್ಲವಾದರೆ ಹುಲ್ಲಿನ ಪೆಲೆಟ್‌ಗಳನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಒಂದು ಚಮಚೆ ಪುಡಿಗೆ ಎರಡು ಮೂರು ಚಮಚೆ ಉಗುರುಬೆಚ್ಚನೆಯ ನೀರು ಹಾಕಿ ಹತ್ತು ನಿಮಿಷ ಬಿಡಿ. ಪುಡಿ ಉಬ್ಬುತ್ತದೆ. ಬಿಡದೆ ತುಂಬಿದರೆ ಸಿರಿಂಜಿನೊಳಗೇ ಉಬ್ಬಿ ಸಿಕ್ಕಿಕೊಳ್ಳುತ್ತದೆ, ನೀವು ಜೋರಾಗಿ ಒತ್ತುತ್ತೀರಿ, ಒಮ್ಮೆಲೇ ಚಿಮ್ಮಿ ಗಂಟಲಿಗೆ ನುಗ್ಗುತ್ತದೆ. ಅನಾಹುತಗಳೆಲ್ಲ ಆಗುವುದು ಹೀಗೆಯೇ. ಬಣ್ಣದ ಕಾಳು, ಬೀಜ ಬೆರೆಸಿದ ಪಾಕೀಟು ತರಲೇಬೇಡಿ.

1 ಮಿಲೀ ಸಿರಿಂಜು ಮೇಲು. ಸೂಜಿ ಹಾಕುವ ತುದಿ ಕತ್ತರಿಸಿ, ಅಂಚನ್ನು ಉಗುರಿನ ಅರದಿಂದ ನಯ ಮಾಡಿ. ಮೊಲವನ್ನು ಟವೆಲ್ಲಿನಲ್ಲಿ ಸುತ್ತಿ, ನಾಲ್ಕೂ ಕಾಲೂರಿ ಕೂತ ಭಂಗಿಯಲ್ಲೇ ಹಿಡಿಯಿರಿ. ಮಗುವಿನಂತೆ ಅಂಗಾತ ಮಲಗಿಸಬೇಡಿ, ತಲೆ ಮೇಲೆತ್ತಬೇಡಿ. ಮುಂಬಲ್ಲಿನ ಹಿಂದೆ ಹಲ್ಲಿಲ್ಲದ ಸಂದು ಇರುತ್ತದೆ, ಅಲ್ಲಿ ಪಕ್ಕದಿಂದ ತುದಿ ಇಟ್ಟು ಅರ್ಧ ಮಿಲೀ ಬಿಡಿ. ಅಗಿಯಬೇಕು, ನುಂಗಬೇಕು, ಆಮೇಲೆ ಮುಂದಿನ ತುತ್ತು. ಮೂಗಲ್ಲಿ ಹಸಿರು ಕಂಡರೆ ಅಥವಾ ಉಸಿರು ಗೊರಗೊರ ಎಂದರೆ ನಿಲ್ಲಿಸಿ. ಆಹಾರ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ.

ಏನೂ ತಿನ್ನದ ಮೊಲಕ್ಕೆ ಕಿಲೋಗೆ ದಿನಕ್ಕೆ 50ರಿಂದ 80 ಮಿಲೀ ಬೇಕು. ಒಂದೂವರೆ ಕಿಲೋದ ಮೊಲಕ್ಕೆ 75ರಿಂದ 120, ಐದು ಸಲಕ್ಕೆ ಹಂಚಿ. ಬಹಳ ದಿನ ಉಪವಾಸವಿದ್ದರೆ ಮೊದಲ ದಿನ ಅರ್ಧವೇ ಸಾಕು. ಕಡೆಗೆ ಗದ್ದ ಒರೆಸಿ ಒಣಗಿಸಿ. ಹಿಕ್ಕೆ ಎಣಿಸಿ, ಗಾತ್ರ ಕುಗ್ಗಿದರೆ, ಸಂಖ್ಯೆ ಇಳಿದರೆ ಕರುಳು ನಿಧಾನಿಸಿದೆ ಎಂದರ್ಥ. ಹತ್ತು ಹನ್ನೆರಡು ತಾಸು ತಿಂಡಿಯೂ ಇಲ್ಲ, ಹಿಕ್ಕೆಯೂ ಇಲ್ಲವೆಂದರೆ ಬೆಳಗಾಗಲೆಂದು ಕಾಯಬಾರದು.

ಸಿರಿಂಜಿನ ಜೊತೆ ಹುಲ್ಲು ಸದಾ ಮುಂದಿರಲಿ. ಧಾರವಾಡದ ಸುತ್ತ ಕರಿಕೆ (ಗರಿಕೆ ಹುಲ್ಲು) ಧಾರಾಳ. ನೆರಳಲ್ಲಿ ಒಣಗಿಸಿ ಕೊಡಿ. ಹತ್ತಿ, ಮೆಣಸಿನಕಾಯಿ ಹೊಲದ ಬದುವಿನದು ಬೇಡ, ಅಲ್ಲಿ ಕೀಟನಾಶಕದ ಎಣ್ಣೆ ಹೊಡೆದಿರುತ್ತಾರೆ. ಎಳೆ ಜೋಳದ ಸಸಿ ದನಕ್ಕೇ ವಿಷ, ಮೊಲಕ್ಕಂತೂ ಬೇಡವೇ ಬೇಡ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಿಂದ ತೂಕ ಏರುತ್ತದೆ ನಿಜ, ಆದರೆ ಸುಣ್ಣದಂಶ ಹೆಚ್ಚು. ಉಚ್ಚೆ ಮಂದವಾಗಿ ಸುಣ್ಣದ ನೀರಿನಂತಿರುವ ಅಥವಾ ಕಿಡ್ನಿ ತೊಂದರೆಯ ಮೊಲಕ್ಕೆ ಹಾಕಬೇಡಿ. ಕುಡಿಯಲು ಬಾಟಲಿಗಿಂತ ಭಾರದ ಬೋಗುಣಿ ಅನುಕೂಲ.

ಹಾಸಿಗೆಗೆ ಹಳೆಯ ಹತ್ತಿ ಕೌದಿ ಸಾಕು, ಎಳೆ ಬಿಚ್ಚಿದ ಅಂಚು ಮಾತ್ರ ಕತ್ತರಿಸಿರಿ. ತಂತಿ ನೆಲದ ಪಂಜರದಲ್ಲಿ ಬಡಕಲು ಮೊಲದ ಹಿಮ್ಮಡಿ ಹುಣ್ಣಾಗುತ್ತದೆ.

ಮಳೆಗಾಲದಲ್ಲಿ ಹಿಂಭಾಗವನ್ನು ದಿನಕ್ಕೆ ಎರಡು ಸಲ ನೋಡಿ. ನಿಶ್ಶಕ್ತ ಮೊಲ ತನ್ನನ್ನು ನೆಕ್ಕಿಕೊಳ್ಳಲಾರದು. ಹೊಲಸು ಅಂಟಿದರೆ ನೊಣ ಮೊಟ್ಟೆಯಿಡುತ್ತದೆ, ಒಂದೇ ದಿನದಲ್ಲಿ ಹುಳ. ಪೂರ್ತಿ ಸ್ನಾನ ಬೇಡ, ಅಷ್ಟು ಜಾಗವನ್ನೇ ಉಗುರುಬೆಚ್ಚನೆಯ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ.

ನಮ್ಮ ಕಡೆ ಪಶುವೈದ್ಯರಲ್ಲಿ ಬಹುತೇಕರಿಗೆ ಬರುವುದು ದನ, ನಾಯಿ. ಮೊಲ ನೋಡುತ್ತಾರೆಯೇ ಎಂದು ಕೇಳಿಯೇ ಹೋಗಿ, ಒಯ್ಯುವಾಗ ತೂಕದ ಪಟ್ಟಿಯೂ ಕೈಯಲ್ಲಿರಲಿ. ಬಾಯಿಯಿಂದ ಕೊಡುವ ಅಮಾಕ್ಸಿಸಿಲಿನ್, ಪೆನ್ಸಿಲಿನ್ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣಕ್ಕೇ ಎರವಾಗುತ್ತವೆ. ಚಿಗಟಕ್ಕೆಂದು ನಾಯಿಗೆ ಹಾಕುವ ಫಿಪ್ರೋನಿಲ್ ಕೂಡ ಬೇಡ.