ಅಂಟ್ಕೊಂಡು ಕೂತಿದ್ದ ಕೂಲೆಂಟ್ ಪೈಪ್ ಬಿಚ್ಚಿದ್ದು: ನನ್ನ ಅನುಭವ

ನಮ್ಮದು ಹಳೇ ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಮನೆ ಮಂಡ್ಯದಲ್ಲಿ. ಹೋದ ಬೇಸಿಗೆಲಿ ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಕಮ್ಮಿ ಆಗಕ್ಕೆ ಶುರುವಾಯ್ತು, ವಾರಕ್ಕೊಂದ್ಸಲ ನೋಡಿದ್ರೆ ಡಬ್ಬಿಲಿ ಮಟ್ಟ ಕೆಳಗಿನ ಗೆರೆಗಿಂತಾನೂ ಕೆಳಗೆ, ಆದ್ರೆ ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಒಂದಿನ ಮೈಸೂರಿಂದ ವಾಪಸ್ ಬರ್ತಾ ಶ್ರೀರಂಗಪಟ್ಟಣ ದಾಟಿದ್ಮೇಲೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹತ್ತೋದು ಕಾಣಿಸ್ತು, ಎದೆ ಧಸಕ್ ಅಂತು, ತಕ್ಷಣ ಸೈಡಿಗೆ ಹಾಕಿ ಆಫ್ ಮಾಡಿ ಒಂದು ಗಂಟೆ ಕಬ್ಬಿನ ಗದ್ದೆ ಪಕ್ಕ ಕಾದೆ. ಇಂಥ ಹೊತ್ತಲ್ಲಿ ದಯವಿಟ್ಟು ಕೂಲೆಂಟ್ ತುಂಬೋ ಕಡೆ ಇರೋ ಕ್ಯಾಪ್ ಮುಟ್ಟಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ರೂ ಪ್ರೆಶರ್ ಇರೋದ್ರಿಂದ ಕುದೀದೆ ಕೂತಿರುತ್ತೆ, ಕ್ಯಾಪ್ ಸಡಿಲ ಮಾಡಿದ ಗಳಿಗೆಲಿ ಒಂದೇ ಸಲ ಉಕ್ಕಿ ಮುಖಕ್ಕೆ ಹೊಡೆಯುತ್ತೆ.

ಮನೆಗೆ ಬಂದು ಟಾರ್ಚ್ ಹಾಕಿ ಹುಡುಕಿದಾಗ ಸಿಕ್ತು. ಇಂಜಿನ್ ಹಿಂದುಗಡೆ ವಾಟರ್ ಪಂಪ್ ಹತ್ರ ಒಂದು ಗೇಣುದ್ದದ ಸ್ಟೀಲ್ ಪೈಪ್ ಇದೆ, ಒಂದು ತುದಿ ಪಂಪಿನ ಅಲ್ಯೂಮಿನಿಯಂ ಹೌಸಿಂಗ್ (ಹೊರಗಿನ ಕವಚ) ಒಳಕ್ಕೆ ತೂರ್ಕೊಂಡಿರುತ್ತೆ, ಅಲ್ಲಿ ಸೋರದಂಗೆ ತಡೆಯೋ ರಬ್ಬರ್ ಬಳೆ, ಅಂದ್ರೆ ಒಂದು ಓ ರಿಂಗ್, ಇನ್ನೊಂದು ತುದಿಗೆ ರಬ್ಬರ್ ಹೋಸ್. ಆ ತೂರ್ಕೊಂಡಿರೋ ಜಾಗದ ಸುತ್ತ ಬಿಳೀ ಮಿಶ್ರ ಗುಲಾಬಿ ಬಣ್ಣದ ಹಕ್ಕಳೆ ಕಟ್ಟಿತ್ತು. ಅಲ್ಲಿಂದ ಜಿನುಗಿದ್ದೆಲ್ಲ ಬಿಸಿ ಇಂಜಿನ್ ಮೇಲೇ ಆರಿಹೋಗ್ತಿತ್ತು, ಅದಕ್ಕೇ ನೆಲಕ್ಕೆ ಬೀಳ್ತಿರಲಿಲ್ಲ.

ಓ ರಿಂಗ್ ಬದಲಾಯಿಸಿದ್ರೆ ಆಯ್ತು, ಅರ್ಧ ದಿನದ ಕೆಲಸ ಅಂದ್ಕೊಂಡೆ. ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಹಳೇ ಕೂಲೆಂಟ್ ಬಕೆಟ್ಟಿಗೆ ಇಳಿಸಿ ಮೇಲೆ ಹಲಗೆ ಮುಚ್ಚಿಟ್ಟೆ. ಇದು ಮುಖ್ಯ, ಕೂಲೆಂಟ್ ರುಚಿ ಸಿಹಿ, ಆದ್ರೆ ವಿಷ, ಬೀದಿ ನಾಯಿ ಬೆಕ್ಕು ಕುಡಿದ್ರೆ ಉಳಿಯಲ್ಲ, ಮಕ್ಕಳಿರೋ ಮನೇಲಂತೂ ತೆರೆದಿಡಲೇಬಾರ್ದು. ಏರ್ ಫಿಲ್ಟರ್ ಡಬ್ಬ ತೆಗೆದೆ, ಹೋಸ್ ಕ್ಲಿಪ್ ಬಿಚ್ಚಿದೆ, ಪೈಪಿನ ಮಧ್ಯದ ಕಿವಿಗೆ ಹಾಕಿದ್ದ ಹತ್ತನೇ ನಂಬರ್ ಸ್ಪ್ಯಾನರ್ ಹಿಡಿಯೋ ಬೋಲ್ಟ್ ಬಿಚ್ಚಿದೆ, ಎಲ್ಲ ಸಲೀಸಾಗಿ ಬಂತು. ಪೈಪ್ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಎಳೆದೆ, ಜಗ್ಗಿದೆ, ಕೊನೆಗೆ ಸ್ಕ್ರೂ ಡ್ರೈವರ್ ಕೊಟ್ಟು ಮೀಟಿದೆ, ಹೌಸಿಂಗ್ ಅಂಚಲ್ಲಿ ಒಂದು ಕಚ್ಚು ಬಿತ್ತು. ಅಲ್ಲಿಗೆ ನಿಲ್ಸಿದೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಓ ರಿಂಗ್ ಕೂರೋ ಜಾಗದಲ್ಲೇ ಹೀಗೆ ಗಾಯ ಆಗಿದ್ರೆ ಇಡೀ ಪಂಪ್ ಬದಲಾಯಿಸಬೇಕಾಗ್ತಿತ್ತು.

ನಮ್ಮ ಚಿಕ್ಕಪ್ಪ ಊರಲ್ಲಿ ಬೋರ್‌ವೆಲ್ ಮೋಟ್ರು ಎತ್ತೋ ಕೆಲಸ ಮಾಡ್ತಾರೆ, ತುಕ್ಕು ಹಿಡಿದು ಕಚ್ಕೊಂಡಿರೋ ಪೈಪು ಬಿಚ್ಚಿ ಬಿಚ್ಚಿ ಕೈ ಪಳಗಿದೆ. ಸಾಯಂಕಾಲ ಫೋನ್ ಮಾಡ್ದೆ, ಬಂದು ಬಗ್ಗಿ ನೋಡಿದ್ರು. "ಬರೀ ನೀರು ಹುಯ್ದವ್ರೆ ಕಣ್ಲಾ ಇದುಕ್ಕೆ" ಅಂದ್ರು. ನಿಜ, ಮೊದಲಿದ್ದವರು ಕೂಲೆಂಟ್ ಬದಲು ಬೋರ್ ನೀರೇ ಹಾಕ್ಕೊಂಡು ಓಡಿಸಿದ್ರಂತೆ. ಕೂಲೆಂಟಲ್ಲಿ ಲೋಹ ತಿನ್ನದಂಗೆ ತಡೆಯೋ ಕೆಮಿಕಲ್ ಇರುತ್ತೆ, ಬರೀ ನೀರಲ್ಲಿ ಅದಿಲ್ಲ, ಅದರಲ್ಲೂ ಉಪ್ಪಿನಂಶ ಇರೋ ನೀರಲ್ಲಿ ಸ್ಟೀಲು ಅಲ್ಯೂಮಿನಿಯಂ ಎರಡೂ ಒಂದಕ್ಕೊಂದು ತಾಗ್ಕೊಂಡಿದ್ರೆ ಅಲ್ಯೂಮಿನಿಯಂ ಸವೆದು ಬಿಳೀ ಪುಡಿ ಆಗುತ್ತೆ, ಆ ಪುಡಿಗೆ ಮೊದಲಿದ್ದ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಸಂದಿಲಿ ಉಬ್ಬಿ ಪೈಪನ್ನ ಸಿಮೆಂಟ್ ಹಾಕ್ದಂಗೆ ಹಿಡ್ಕೊಂಡುಬಿಡುತ್ತೆ.

"ಎಳೀಬ್ಯಾಡ ಮಗ. ಮೊದ್ಲು ಅದು ಕದಲ್ಲಿ, ಆಮೇಕೆ ತಾನೇ ಬತ್ತದೆ. ತಿರುಗ್ಸು, ಬರೀ ತಿರುಗ್ಸು" ಅಂದ್ರು. ಇಡೀ ಕೆಲಸದ ಗುಟ್ಟು ಇಷ್ಟೇ ಅಂತ ನಂಗೆ ಆಮೇಲೆ ಗೊತ್ತಾಗಿದ್ದು.

ರಾತ್ರಿ ಹಕ್ಕಳೆ ಎಲ್ಲ ಹಲ್ಲುಜ್ಜೋ ಬ್ರಷ್ಷಲ್ಲಿ ಕೆರೆದು ಸಂದಿಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು, ಪೈಪಿಗೆ ಸುತ್ತಿಗೆಯ ಮರದ ಕಾವಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿದ್ವಿ, ಅದುರಿದ್ರೆ ಎಣ್ಣೆ ಒಳಕ್ಕಿಳಿಯುತ್ತೆ. ಹಾಗೇ ಬಿಟ್ಟು ಬೆಳಗ್ಗೆ ಇನ್ನೊಂದ್ಸಲ ಹೊಡೆದ್ವಿ. ಪೈಪಿನ ಗೋಡೆ ತೆಳು, ರೆಂಚಲ್ಲಿ ಹಿಡಿದ್ರೆ ಚಪ್ಪಟೆ ಆಗುತ್ತೆ, ಅದಕ್ಕೆ ಹೋಸ್ ಬಿಚ್ಚಿದ ತುದಿಯೊಳಗೆ ಹಳೇ ಗುದ್ದಲಿ ಕಾವಿನ ತುಂಡು ಕೆತ್ತಿ ಬಿಗಿಯಾಗಿ ತೂರಿಸಿದ್ರು, ಹೊರಗೆ ಸೈಕಲ್ ಟ್ಯೂಬ್ ಎರಡು ಸುತ್ತು ಸುತ್ತಿ ಅದರ ಮೇಲೆ ಪೈಪ್ ರೆಂಚ್ ಹಿಡಿದ್ರು. ಆಮೇಲೆ ಬಿಸಿ. ಬೆಂಕಿ ಬೇಡವೇ ಬೇಡ, ಸ್ಪ್ರೇ ಹತ್ಕೊಳ್ಳುತ್ತೆ, ಪಕ್ಕದಲ್ಲೇ ಡೀಸೆಲ್ ಪೈಪು ವೈರಿಂಗು ಎಲ್ಲ ಇದೆ. ಕುದಿಯೋ ನೀರಲ್ಲಿ ಅದ್ದಿದ ಹಳೇ ಬನೀನನ್ನ ಇಕ್ಕಳದಲ್ಲಿ ಹಿಡಿದು ಹೌಸಿಂಗ್ ಸುತ್ತ ಹಾಕಿದ್ವಿ, ಪೈಪಿಗೆ ತಾಗದಂಗೆ, ತಣ್ಣಗಾದಂಗೆಲ್ಲ ಬದಲಾಯಿಸ್ತಾ ನಾಲ್ಕೈದು ಸಲ. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ, ಆ ಕೂದಲೆಳೆ ಸಡಿಲ ಸಿಕ್ಕಿದ್ರೆ ಸಾಕು.

ಪೈಪಿಂದ ಹೌಸಿಂಗ್ ಮೇಲಕ್ಕೆ ಹಾದುಹೋಗೋ ಹಂಗೆ ಬಿಳೀ ಪೇಂಟಲ್ಲಿ ಒಂದು ಗೆರೆ ಎಳೆದಿದ್ದೆ, ಕದಲಿದ್ರೆ ಗೊತ್ತಾಗ್ಲಿ ಅಂತ. ಚಿಕ್ಕಪ್ಪ ರೆಂಚಿನ ಮೇಲೆ ಭಾರ ಹಾಕ್ತಿದ್ರು, ನಾನು ಕಣ್ಣು ಮಿಟುಕಿಸದೆ ಗೆರೆ ನೋಡ್ತಿದ್ದೆ. ಐದು ನಿಮಿಷ ಏನೂ ಇಲ್ಲ. ಆಮೇಲೆ "ಕರ್" ಅಂತ ಒಂದು ಸಣ್ಣ ಸದ್ದು, ಗೆರೆ ಎರಡಾಗಿ ಒಂದು ರಾಗಿಕಾಳಿನಷ್ಟು ಪಕ್ಕಕ್ಕೆ ಸರಿದಿತ್ತು! "ಚಿಕ್ಕಪ್ಪ, ಕದಲ್ತು" ಅಂತ ಕೂಗ್ಬಿಟ್ಟೆ. ಅವರು ಎಳೀಲಿಲ್ಲ, ವಾಪಸ್ ತಿರುಗಿಸಿದ್ರು, ಮತ್ತೆ ಸ್ಪ್ರೇ, ಮತ್ತೆ ಆ ಕಡೆ, ಮತ್ತೆ ಈ ಕಡೆ, ಪ್ರತಿ ಸಲ ಒಂಚೂರು ಜಾಸ್ತಿ, ಬಿಳೀ ಪುಡಿ ಎಣ್ಣೆ ಜೊತೆ ಕಲಸಿ ಮಜ್ಜಿಗೆ ಥರ ಆಚೆ ಬರ್ತಿತ್ತು. ಕಾಲು ಗಂಟೆ ಆದ್ಮೇಲೆ ತಿರುಗಿಸ್ತಾ ತಿರುಗಿಸ್ತಾ ಎಳೆದಾಗ ಬಂತು. ಬರದೇ ಇದ್ದಿದ್ರೆ ಪೈಪ್ ಕತ್ತರಿಸಿ, ಉಳಿದ ತುಂಡನ್ನ ಒಳಗಡೆಯಿಂದ ಆಕ್ಸಾ ಬ್ಲೇಡಲ್ಲಿ ಉದ್ದುದ್ದಕ್ಕೆ ಸೀಳಿ, ಅಲ್ಯೂಮಿನಿಯಂ ಮುಟ್ಟೋ ಮುಂಚೆ ನಿಲ್ಲಿಸಿ ಒಳಕ್ಕೆ ಮಡಚಿ ತೆಗಿಯೋದು ಅಂತ ಬ್ಲೇಡ್ ಕೂಡ ತಂದಿದ್ರು.

ಹಳೇ ಓ ರಿಂಗ್ ಪ್ಲಾಸ್ಟಿಕ್ ಬಳೆ ಥರ ಗಟ್ಟಿಯಾಗಿ ಮೂರು ಚೂರಾಗಿ ಬಂತು. ಪೈಪಿನ ತುದಿ ಉಗುರು ಸಿಗಾಕ್ಕೊಳ್ಳೋ ಅಷ್ಟು ಗುಳಿ ಗುಳಿ, ಅದಕ್ಕೆ ಹೊಸಾ ಪೈಪೇ ತಂದೆ. ಹೌಸಿಂಗ್ ತೂತೊಳಗೆ ಮೊದಲು ಬಟ್ಟೆ ತುರುಕಿ, ಪುಡಿ ಪಂಪಿಗೆ ಹೋಗ್ದಂಗೆ, ಪಾತ್ರೆ ಉಜ್ಜೋ ಹಸಿರು ನಾರಲ್ಲಿ ನಿಧಾನಕ್ಕೆ ಉಜ್ಜಿದೆ. ಒರಟು ಉಪ್ಪುಕಾಗದ ಹಾಕಿದ್ರೆ ಗೀರು ಬೀಳುತ್ತೆ, ಆ ಗೀರೇ ನಾಳೆ ಸೋರೋ ದಾರಿ. ಸ್ಪ್ರೇ ಎಣ್ಣೆ ಪೂರ್ತಿ ಒರೆಸಿ ತೆಗೆದೆ, ಕೂಲೆಂಟ್ ಲೈನಿನ ಓ ರಿಂಗ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರು, ಅದಕ್ಕೆ ಎಣ್ಣೆ ಗ್ರೀಸ್ ತಾಗಿದ್ರೆ ಊದ್ಕೊಂಡು ಕೆಡುತ್ತೆ. ಹೊಸಾ ರಿಂಗನ್ನ ಕೂಲೆಂಟಲ್ಲೇ ಒದ್ದೆ ಮಾಡಿ, ಪೈಪನ್ನ ಕೈಯಲ್ಲೇ ಒತ್ತಿ ಪೂರ್ತಿ ಕೂರಿಸಿ ಆಮೇಲೆ ಬೋಲ್ಟ್ ಹಾಕಿದೆ.

ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ. ಮುಂಭಾಗ ಎತ್ತರಕ್ಕೆ ಬರೋ ಹಂಗೆ ಗೇಟಿನ ಇಳಿಜಾರಲ್ಲಿ ನಿಲ್ಲಿಸಿ, ಹೀಟರ್ ಫುಲ್ ಬಿಸಿಗಿಟ್ಟು, ಇಂಜಿನ್ ತಣ್ಣಗಿದ್ದಾಗಲೇ ಮೇಲಿನ ಹೋಸ್ ಹಿಸುಕಿ ಹಿಸುಕಿ ಗುಳ್ಳೆ ಆಚೆ ತಂದೆ, ಆಮೇಲೆ ಕ್ಯಾಪ್ ಹಾಕಿ ಫ್ಯಾನ್ ತಿರುಗೋವರೆಗೂ ಓಡಿಸಿದೆ. ಮಾರನೇ ದಿನ ಮಟ್ಟ ಒಂದು ಬೆರಳು ಇಳಿದಿತ್ತು, ಒಳಗಿದ್ದ ಗಾಳಿ ಆಚೆ ಬಂದಿದ್ದಕ್ಕೆ ಹಾಗಾಗುತ್ತೆ, ತುಂಬಿಸಿದ್ಮೇಲೆ ಮತ್ತೆ ಇಳೀಲಿಲ್ಲ. ಭಾನುವಾರ ಎಲ್ರನ್ನೂ ಕೂರಿಸ್ಕೊಂಡು ಮೈಸೂರಿಗೆ ಹೋಗಿ ಬಂದ್ವಿ, ಮುಳ್ಳು ಅರ್ಧ ದಾಟಲಿಲ್ಲ. ಹಳೇ ಪೈಪನ್ನ ಚಿಕ್ಕಪ್ಪ ಅವರ ಜೊತೆ ಕೆಲಸಕ್ಕೆ ಬರೋ ಹುಡುಗ್ರಿಗೆ ತೋರಿಸ್ತೀನಿ ಅಂತ ತಗೊಂಡೋದ್ರು.